ಹುರಿ ಇದ್ದರೆ ನೂಲು



ನಿಮ್ಮ ಜೇಬಿನಲ್ಲಿ ಹತ್ತು ಸಾವಿರ ಯೆನ್ನಿನ ಹೊಸ ನೋಟು ಇದ್ದರೆ ಒಮ್ಮೆ ತೆಗೆದು ನೋಡಿ. 2024ರ ಜುಲೈನಲ್ಲಿ ಬಂದ ಈ ನೋಟಿನ ಮೇಲೆ ಕೋಟು ತೊಟ್ಟ ಒಬ್ಬ ಅಜ್ಜನ ಮುಖ ಇದೆ. ಹೆಸರು ಶಿಬುಸಾವಾ ಎಇಚಿ. ಬ್ಯಾಂಕು ಕಟ್ಟಿದವರು, ನೂರಾರು ಕಂಪನಿಗಳನ್ನು ಶುರು ಮಾಡಿಸಿದವರು ಅಂತ ಜಪಾನಿಗರು ಹೇಳುತ್ತಾರೆ. ಅವರು ಮೊದಮೊದಲು ಕೈಹಾಕಿದ ದೊಡ್ಡ ಕೆಲಸಗಳಲ್ಲಿ ಎರಡು ನೂಲಿನವು. ಒಂದು ಗುನ್ಮಾ ಪ್ರಾಂತ್ಯದ ತೊಮಿಯೊಕಾದ ರೇಷ್ಮೆ ಕಾರ್ಖಾನೆ, ಇನ್ನೊಂದು ಒಸಾಕಾದ ಹತ್ತಿ ಗಿರಣಿ. ಕಾರು, ಟಿವಿ, ಕ್ಯಾಮೆರಾ ಎಲ್ಲ ಆಮೇಲಿನ ಮಾತು. ಈ ದೇಶ ಕಾರ್ಖಾನೆಯಲ್ಲಿ ತಯಾರಿಸಿ ಹೊರದೇಶಕ್ಕೆ ಮಾರಿ ಮೇಲೆ ಬಂದದ್ದು ಮೊದಲು ನೂಲಿನಿಂದ.

ಈ ತಿಂಗಳು ನಾವು ಆ ನೂಲಿನ ಮಾತೇ ಆಡೋಣ. ಕಾರಣ ಎರಡು. ಒಂದು, ಜವಳಿ ಕಸುಬು 2024ರಲ್ಲಿ ತೊಕುತೇ ಗಿನೊ, ಅಂದರೆ ನಿರ್ದಿಷ್ಟ ಕೌಶಲದ ವೀಸಾದ ಪಟ್ಟಿಗೆ ಸೇರಿತು. ಊರಿಂದ ಫೋನು ಮಾಡಿ "ಅಲ್ಲಿ ನೂಲಿನ ಗಿರಣಿ ಕೆಲಸ ಹೇಗಿರುತ್ತೆ?" ಅಂತ ಕೇಳುವ ತಮ್ಮಂದಿರಿಗೆ, ತಂಗಿಯರಿಗೆ ಸರಿಯಾದ ಉತ್ತರ ನಮ್ಮ ಹತ್ತಿರ ಇರಬೇಕು. ಎರಡನೆಯದು ನಮ್ಮೆಲ್ಲರಿಗೂ ಸೇರಿದ್ದು. ನೀವು ಕಾರಿನ ಬಿಡಿಭಾಗ ಮಾಡಿ, ವೃದ್ಧರ ಆರೈಕೆ ಮಾಡಿ, ಕಂಪ್ಯೂಟರ್ ಮುಂದೆ ಕೂತು ದುಡಿಯಿರಿ. ನಿಮ್ಮ ಸಂಬಳವನ್ನು ಕಾಯುವ ಕೆಲವು ಕಾನೂನುಗಳ ಹಿಂದೆ ಈ ದೇಶದ ನೂಲಿನ ಗಿರಣಿಗಳಲ್ಲಿ ದುಡಿದ ಹೆಣ್ಣುಮಕ್ಕಳ ಕಷ್ಟ ಇದೆ. ಅಲ್ಲಿಗೆ ಹೋಗುವ ಮೊದಲು ನೂಲು ಅಂದರೆ ಏನು ಅನ್ನೋದನ್ನು ನೋಡೋಣ.

ಎಳೆ ನೂಲಾಗುವ ಬಗೆ

ಔಷಧಿ ಅಂಗಡಿಯ ಹತ್ತಿ ಒಂದು ಚಿಟಿಕೆ ತೆಗೆದುಕೊಳ್ಳಿ. ನೇರವಾಗಿ ಎಳೆದರೆ ಅದು ಹರಿದು ಕೈಗೆ ಬರುತ್ತದೆ. ಅದನ್ನೇ ಹೆಬ್ಬೆರಳು, ತೋರುಬೆರಳಿನ ನಡುವೆ ಹೊಸೆಯುತ್ತಾ ನಿಧಾನವಾಗಿ ಎಳೆಯಿರಿ. ದಾರ ಬರುತ್ತದೆ, ಜಗ್ಗಿದರೂ ಬೇಗ ಹರಿಯುವುದಿಲ್ಲ. ಹತ್ತಿಯ ಒಂದೊಂದು ಎಳೆ ಹೆಚ್ಚೆಂದರೆ ಎರಡರಿಂದ ನಾಲ್ಕು ಸೆಂಟಿಮೀಟರ್ ಉದ್ದ. ಅಷ್ಟು ಗಿಡ್ಡ ಎಳೆಗಳಿಂದ ಕಿಲೋಮೀಟರುಗಟ್ಟಲೆ ನೂಲು ಹೇಗೆ ಬರುತ್ತದೆ? ಅಂಟು ಇಲ್ಲ, ಗಂಟು ಇಲ್ಲ. ಹುರಿ ಇದೆ, ಅಷ್ಟೇ. ಹುರಿ ಬಿದ್ದ ನೂಲನ್ನು ಎಳೆದಾಗ ಒಳಗಿನ ಎಳೆಗಳು ಒಂದನ್ನೊಂದು ಇನ್ನೂ ಬಿಗಿಯಾಗಿ ಒತ್ತಿಕೊಳ್ಳುತ್ತವೆ. ಆ ಒತ್ತಡದ ತಿಕ್ಕಾಟವೇ ನೂಲಿನ ಬಲ. ಜಪಾನಿ ಭಾಷೆಯಲ್ಲಿ ನೂಲಿಗೆ ಇತೊ ಅಂತಾರೆ, ಹುರಿಗೆ ಯೊರಿ ಅಂತಾರೆ.

ನಮ್ಮ ಭಾಷೆಯಲ್ಲೂ ಇದಕ್ಕೆಲ್ಲ ಹಳೆಯ ಪದಗಳಿವೆ. ಬೀಜ ಬಿಡಿಸಿದ ಹತ್ತಿ ಅರಳೆ. ಅದನ್ನು ಹಿಂಜಿ ಸುರುಳಿ ಮಾಡಿದರೆ ಹಂಜಿ. ಹಂಜಿಯಿಂದ ಎಳೆ ತೆಗೆದು ಹುರಿ ಹಾಕಿ ಸುತ್ತುವ ಕಡ್ಡಿ ಕದಿರು. ಸುತ್ತಿ ತೆಗೆದ ನೂಲಿನ ಕಟ್ಟು ಲಡಿ. ಉತ್ತರ ಕರ್ನಾಟಕದ ಪಿಂಜಾರರು ಬಿಲ್ಲಿನ ಹಗ್ಗ ಮಿಡಿಯುತ್ತಾ ಅರಳೆ ಹಿಂಜುತ್ತಿದ್ದ ಸದ್ದು ನಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. ಹನ್ನೆರಡನೆಯ ಶತಮಾನದ ಶರಣೆಯೊಬ್ಬರ ಹೆಸರೇ ಕದಿರ ರೆಮ್ಮವ್ವೆ. ನೂಲುವುದು ಅವರ ಕಾಯಕ. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಸದಸ್ಯತ್ವದ ಚಂದಾ ಅಂತ ಗೊತ್ತುಮಾಡಿದ್ದು ಹಣವನ್ನಲ್ಲ, ತಿಂಗಳಿಗೆ 2,000 ಗಜ ನೂಲನ್ನು.

ಇನ್ನು ಗಿರಣಿಯೊಳಗೆ ಬನ್ನಿ. ಕೈಯಲ್ಲಿ ಮಾಡುವ ಕೆಲಸವನ್ನೇ ಅಲ್ಲಿ ಆರೇಳು ಯಂತ್ರಗಳಿಗೆ ಹಂಚಿದ್ದಾರೆ. ಮೊದಲು ಕೊಂದಾಮೆನ್: ಒತ್ತಿ ಕಟ್ಟಿದ ಹತ್ತಿಯ ಬೇಲುಗಳನ್ನು ಬಿಡಿಸಿ, ಬಡಿದು, ಕಸ, ಸಿಪ್ಪೆ ತೆಗೆದು, ಬೇರೆ ಬೇರೆ ಬೇಲಿನ ಹತ್ತಿಯನ್ನು ಬೆರೆಸುವುದು. ಆಮೇಲೆ ಕಾರ್ಡಿಂಗ್, ಇಲ್ಲಿನವರ ಬಾಯಲ್ಲಿ ಕಾಡೊ. ಲಕ್ಷಾಂತರ ಸಣ್ಣ ಮುಳ್ಳುಗಳಿರುವ ಉರುಳೆ ಹತ್ತಿಯನ್ನು ಬಾಚಿ ಎಳೆಎಳೆಯಾಗಿ ಬಿಡಿಸುತ್ತದೆ, ಹೆಬ್ಬೆರಳಿನಷ್ಟು ದಪ್ಪದ ಮೆತ್ತನೆ ಹಗ್ಗದಂತೆ ಡಬ್ಬದೊಳಗೆ ಇಳಿಸುತ್ತದೆ. ಇದೇ ಸ್ಲೈವರ್, ನಮ್ಮ ಹಂಜಿಯ ದೊಡ್ಡಣ್ಣ. ಸಣ್ಣ ನೂಲು ಬೇಕಾದರೆ ನಡುವೆ ಕೋಮಾ, ಅಂದರೆ ಇನ್ನೊಮ್ಮೆ ನಯವಾದ ಬಾಚಣಿಗೆ. ಗಿಡ್ಡ ಎಳೆಗಳೆಲ್ಲ ಅಲ್ಲಿ ಉದುರಿಹೋಗುತ್ತವೆ.

ಮುಂದಿನದು ರೆನ್ಜೊ. ಆರು ಅಥವಾ ಎಂಟು ಸ್ಲೈವರುಗಳನ್ನು ಒಟ್ಟಿಗೆ ಒಳಗೆ ಬಿಟ್ಟು, ಅಷ್ಟೇ ಪಟ್ಟು ಎಳೆದು ಒಂದೇ ಸ್ಲೈವರ್ ಮಾಡಿ ಹೊರಗೆ ತೆಗೆಯುತ್ತಾರೆ. ಎಂಟು ಹಾಕಿ ಒಂದು ತೆಗೆದರೆ ಲಾಭವೇನು ಅಂತ ಹೊಸಬರು ಕೇಳ್ತಾರೆ. ಒಂದರಲ್ಲಿ ತೆಳ್ಳಗಿರುವ ಜಾಗಕ್ಕೆ ಇನ್ನೊಂದರ ದಪ್ಪ ಜಾಗ ಬಂದು ಕೂರುತ್ತದೆ, ಹಾಗಾಗಿ ಕೊನೆಗೆ ಬರುವುದು ಸಮನಾಗಿರುತ್ತದೆ. ಎಳೆಗಳೂ ಒಂದೇ ದಿಕ್ಕಿಗೆ ಮಲಗುತ್ತವೆ. ಆಮೇಲೆ ಸೊಬೊ: ಸ್ಲೈವರನ್ನು ಇನ್ನೂ ಸಣ್ಣಗೆ ಎಳೆದು, ಕೈಯಲ್ಲಿ ಹಿಡಿದರೆ ಹರಿಯದಿರುವಷ್ಟು ಮಾತ್ರ ಹುರಿ ಕೊಟ್ಟು ಸುತ್ತುವುದು. ಇಲ್ಲಿವರೆಗಿನದ್ದಕ್ಕೆಲ್ಲ ಸೇರಿಸಿ ಝೆನ್‌ಬೊ, ಅಂದರೆ ನೂಲುವುದಕ್ಕೆ ಮುಂಚಿನ ಕೆಲಸ, ಅನ್ನುತ್ತಾರೆ.

ನೂಲು ನೂಲಾಗುವುದು ಸೇಬೊದಲ್ಲಿ, ಅಂದರೆ ರಿಂಗ್ ಫ್ರೇಮಿನಲ್ಲಿ. ಉದ್ದನೆಯ ಯಂತ್ರ, ಸಾಲುಸಾಲು ಕದಿರುಗಳು. ಒಂದೊಂದು ಕದಿರು ನಿಮಿಷಕ್ಕೆ ಹದಿನೈದು, ಇಪ್ಪತ್ತು ಸಾವಿರ ಸುತ್ತು ತಿರುಗುತ್ತದೆ. ಅದರ ಸುತ್ತ ಒಂದು ಉಕ್ಕಿನ ಉಂಗುರ, ಉಂಗುರದ ಮೇಲೆ ಓಡುವ ಚಿಕ್ಕ ಕೊಂಡಿ. ಆ ಕೊಂಡಿಯ ಮೂಲಕ ಹಾಯುವ ಎಳೆಗೆ ಹುರಿಯೂ ಬೀಳುತ್ತದೆ, ಕದಿರಿಗೆ ಸುತ್ತಿಯೂ ಆಗುತ್ತದೆ. ಇಷ್ಟು ವೇಗದಲ್ಲಿ ತಿರುಗಿದರೂ ಒಂದು ಕದಿರಿನಿಂದ ನಿಮಿಷಕ್ಕೆ ಬರುವ ನೂಲು ಸುಮಾರು ಇಪ್ಪತ್ತು ಮೀಟರ್ ಮಾತ್ರ, ಏಕೆಂದರೆ ಪ್ರತಿ ಅಂಗುಲಕ್ಕೂ ಬೇಕಾದಷ್ಟು ಸುತ್ತು ಬೀಳಲೇಬೇಕು. ಕ್ಯೋತೊದ ಮುರಾತಾ ಕಂಪನಿಯ ಯಂತ್ರದಲ್ಲಿ ಕದಿರಿನ ಬದಲು ಸುಳಿಗಾಳಿಯಿಂದಲೇ ಎಳೆಗಳನ್ನು ಸುತ್ತಿ, ನಿಮಿಷಕ್ಕೆ ನಾನೂರು ಮೀಟರಿಗೂ ಮೀರಿ ನೂಲು ತೆಗೆಯುತ್ತಾರೆ. ಆದರೂ ಮೃದುವಾದ, ಗಟ್ಟಿ ನೂಲಿಗೆ ರಿಂಗ್ ಫ್ರೇಮನ್ನೇ ಇನ್ನೂ ನಂಬಿದ್ದಾರೆ. ಟೊಯೊಟಾದವರು ಕಿರ್ಲೋಸ್ಕರ್ ಜೊತೆ ಸೇರಿ 1995ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಕಂಪನಿ ತಯಾರಿಸಿದ್ದೂ ರಿಂಗ್ ಫ್ರೇಮುಗಳನ್ನೇ.

ಕೊನೆಗೆ ನೂಲನ್ನು ದೊಡ್ಡ ಕೋನುಗಳಿಗೆ ಸುತ್ತುತ್ತಾರೆ. ದಪ್ಪ, ತೆಳು ಜಾಗಗಳನ್ನು ಕತ್ತರಿಸಿ ತೆಗೆದು ತುದಿಗಳನ್ನು ಗಾಳಿಯಿಂದ ಹೊಸೆದು ಸೇರಿಸುವುದೂ ಅಲ್ಲೇ.

ನಂಬರಿನ ಲೆಕ್ಕ

ಗಿರಣಿಯಲ್ಲಿ ದಿನವೂ ಕಿವಿಗೆ ಬೀಳುವ ಇನ್ನೊಂದು ಪದ ಬಾಂತೆ. ನೂಲಿನ ನಂಬರು. ಲೆಕ್ಕ ಸುಲಭ: 840 ಗಜ ಉದ್ದದ ನೂಲು ಒಂದು ಪೌಂಡ್ ತೂಗಿದರೆ ಅದು 1 ನಂಬರು. ಒಂದು ಪೌಂಡಿನಲ್ಲಿ ಅಂಥ 40 ಲಡಿ ಬಂದರೆ 40 ನಂಬರು. ಆಗ ಒಂದು ಪೌಂಡ್ ನೂಲು ಮೂವತ್ತು ಕಿಲೋಮೀಟರ್ ದಾಟುತ್ತದೆ. ನಂಬರು ಏರಿದಷ್ಟೂ ನೂಲು ಸಣ್ಣ. ಸಣ್ಣ ನೂಲಿಗೆ ಹುರಿ ಜಾಸ್ತಿ ಬೇಕು. 40 ನಂಬರಿಗೆ ಅಂಗುಲಕ್ಕೆ ಸುಮಾರು 25 ಸುತ್ತು. ಕಡಿಮೆಯಾದರೆ ಎಳೆ ಜಾರಿ ನೂಲು ಹರಿಯುತ್ತದೆ, ವಿಪರೀತವಾದರೆ ಗುಂಗುರಾಗಿ ತೊಡಕು ಬೀಳುತ್ತದೆ. ಟವೆಲ್ಲಿಗೆ ಸಡಿಲ ಹುರಿಯ ನೂಲು ಬೇಕು, ಅದಕ್ಕೇ ನೀರು ಬೇಗ ಹೀರುತ್ತದೆ. ಇದಕ್ಕೆ ಅಮಯೊರಿ ಅನ್ನುತ್ತಾರೆ, ಅಕ್ಷರಶಃ 'ಸಿಹಿ ಹುರಿ'.

ಸಣ್ಣ ನೂಲಿಗೆ ಉದ್ದ ಎಳೆಯ ಹತ್ತಿ ಬೇಕು. ಈ ವಿಷಯದಲ್ಲಿ ಧಾರವಾಡದ ಹೆಸರು ಮರೆಯುವಂತಿಲ್ಲ. ಅಲ್ಲಿನ ತಳಿವಿಜ್ಞಾನಿ ಬಿ.ಎಚ್. ಕತರಕಿ ಎರಡು ಬೇರೆ ಜಾತಿಯ ಹತ್ತಿಯನ್ನು ಕೂಡಿಸಿ ತೆಗೆದ ವರಲಕ್ಷ್ಮಿ 1972ರಲ್ಲಿ ರೈತರ ಕೈಗೆ ಬಂತು, 1981ರಲ್ಲಿ ಡಿಸಿಎಚ್-32, ಅಂದರೆ ಜಯಲಕ್ಷ್ಮಿ. ಹಾವೇರಿ, ಧಾರವಾಡ ಕಡೆಯ ಓದುಗರಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಈ ಹತ್ತಿ ಬೆಳೆದಿದ್ದಾರೆ.

ತಗಡಿನ ಡಬ್ಬದಿಂದ ಒಸಾಕಾ ಗಿರಣಿಗೆ

ಜಪಾನಿನಲ್ಲಿ ಈ ಯಂತ್ರಗಳೆಲ್ಲ ಇಂಗ್ಲೆಂಡಿನಿಂದ ಬಂದವು. ಆದರೆ ಒಂದು ಯಂತ್ರ ಇಲ್ಲೇ ಹುಟ್ಟಿತು. ನಾಗಾನೊ ಕಡೆಯ ಗಾಉನ್ ತೊಕಿಮುನೆ ಎಂಬವರು ಮೊದಲು ಬೌದ್ಧ ಸನ್ಯಾಸಿ. 1873ರಲ್ಲಿ ಅವರು ಒಂದು ಸರಳ ಯಂತ್ರ ಮಾಡಿದರು. ತಗಡಿನ ಉದ್ದ ಡಬ್ಬದಲ್ಲಿ ಹತ್ತಿ ತುಂಬಿ, ಡಬ್ಬವನ್ನೇ ತಿರುಗಿಸುತ್ತಾ ಮೇಲಿನಿಂದ ಎಳೆ ಎಳೆಯುವುದು. ಡಬ್ಬ ತಿರುಗಿದರೆ ಹುರಿ ಬೀಳುತ್ತದೆ. ನೂಲು ಬಿಗಿಯಾದರೆ ಡಬ್ಬ ಮೇಲೆದ್ದು ತಾನಾಗಿ ನಿಲ್ಲುತ್ತದೆ, ಸಡಿಲಾದರೆ ಕೆಳಗಿಳಿದು ಮತ್ತೆ ತಿರುಗುತ್ತದೆ. ಗರಗರ ಸದ್ದು ಮಾಡುವ ಯಂತ್ರ ಅಂತ ಇದಕ್ಕೆ ಗಾರಾಬೊ ಎಂಬ ಹೆಸರೇ ಬಂತು. 1877ರಲ್ಲಿ ಟೋಕಿಯೊದ ಉಎನೊದಲ್ಲಿ ನಡೆದ ಮೊದಲ ರಾಷ್ಟ್ರೀಯ ಕೈಗಾರಿಕಾ ಪ್ರದರ್ಶನದಲ್ಲಿ ಅತ್ಯುನ್ನತ ಬಹುಮಾನ ಪಡೆಯಿತು. ಆಗ ಜಪಾನಿನಲ್ಲಿ ಪೇಟೆಂಟ್ ಕಾನೂನೇ ಇರಲಿಲ್ಲ. ಯಂತ್ರವನ್ನು ಎಲ್ಲರೂ ನಕಲು ಮಾಡಿಕೊಂಡರು, ಮಾಡಿದಾತನಿಗೆ ದುಡ್ಡು ಸಿಗಲಿಲ್ಲ. ಐಚಿಯ ಮಿಕಾವಾ ಸೀಮೆಯಲ್ಲಿ ನೀರಿನ ಗಾಲಿಗಳಿಂದ ಗಾರಾಬೊ ನಡೆಸಿದರು. ಯಾಹಾಗಿ ಹೊಳೆಯಲ್ಲಿ ದೋಣಿ ಕಟ್ಟಿ, ದೋಣಿಗೆ ಗಾಲಿ ಹಚ್ಚಿ ಅದರೊಳಗೇ ನೂಲು ತೆಗೆದರು.

ಆದರೆ ದೊಡ್ಡ ಪ್ರಮಾಣದ ನೂಲಿಗೆ ದೊಡ್ಡ ಗಿರಣಿಯೇ ಬೇಕಾಯಿತು. ಶಿಬುಸಾವಾ ಅವರ ಮುಂದಾಳತ್ವದಲ್ಲಿ 1882ರಲ್ಲಿ ಹುಟ್ಟಿದ ಒಸಾಕಾ ನೂಲಿನ ಕಂಪನಿ ಮರುವರ್ಷ 10,500 ಕದಿರುಗಳೊಂದಿಗೆ ಶುರುವಾಯಿತು. ನಮ್ಮ ಗೋಕಾಕ ಜಲಪಾತದ ಪಕ್ಕ ನೀರಿನ ಬಲದ ಗಿರಣಿ ಎದ್ದದ್ದೂ ಅದೇ ದಶಕದಲ್ಲಿ. ದುಬಾರಿ ಯಂತ್ರ ನಿಲ್ಲಬಾರದು ಅಂತ ಒಸಾಕಾದಲ್ಲಿ ಹಗಲು ರಾತ್ರಿ ಎರಡು ಪಾಳಿ ಇಟ್ಟರು, ರಾತ್ರಿಪಾಳಿಗೆ 1886ರಲ್ಲಿ ವಿದ್ಯುತ್ ದೀಪ ಹಾಕಿಸಿದರು. ಉಳಿದ ಗಿರಣಿಗಳೂ ಅದೇ ದಾರಿ ಹಿಡಿದವು.

ಇಲ್ಲಿ ಬೆಳೆಯುವ ಹತ್ತಿ ಸಾಲದಾಯಿತು. ಆಗ ಕಣ್ಣು ಬಿದ್ದದ್ದು ಮುಂಬಯಿಯ ಮೇಲೆ. ಹಡಗು ಬಾಡಿಗೆ ಬ್ರಿಟಿಷ್ ಕಂಪನಿಗಳ ಹಿಡಿತದಲ್ಲಿತ್ತು. ಜಮ್ಶೆಡ್‌ಜಿ ಟಾಟಾ ಮತ್ತು ಜಪಾನಿನ ನಿಪ್ಪೊನ್ ಯೂಸೆನ್ ಕಂಪನಿ ಕೈಜೋಡಿಸಿ 1893ರಲ್ಲಿ ಕೋಬೆಯಿಂದ ಮುಂಬಯಿಗೆ ನೇರ ಹಡಗು ಬಿಟ್ಟರು. ಮುಂಬಯಿ ಪೇಟೆಯಲ್ಲಿ ಧಾರವಾಡ, ಕುಮಟಾ ಅಂತ ನಮ್ಮ ಊರುಗಳ ಹೆಸರಿನಲ್ಲೇ ಹತ್ತಿಯ ತರಗಳು ಮಾರಾಟವಾಗುತ್ತಿದ್ದ ಕಾಲ ಅದು. ಭಾರತದ ಗಿಡ್ಡ ಎಳೆಯ ಅಗ್ಗದ ಹತ್ತಿಗೆ ಅಮೆರಿಕದ ಉದ್ದ ಎಳೆಯದನ್ನು ಹದವಾಗಿ ಬೆರೆಸುವುದರಲ್ಲಿ ಜಪಾನಿ ಗಿರಣಿಗಳು ಪಳಗಿದವು. 1897ರ ಹೊತ್ತಿಗೆ ಜಪಾನು ತರಿಸುವ ನೂಲಿಗಿಂತ ಕಳಿಸುವ ನೂಲು ಜಾಸ್ತಿಯಾಯಿತು. 1930ರ ದಶಕದಲ್ಲಿ ಹತ್ತಿ ಬಟ್ಟೆಯ ರಫ್ತಿನಲ್ಲಿ ಇಂಗ್ಲೆಂಡನ್ನೇ ಹಿಂದೆ ಹಾಕಿತು.

ಬಿಚ್ಚಿ ತೆಗೆಯುವ ನೂಲು

ರೇಷ್ಮೆಯ ಲೆಕ್ಕ ಬೇರೆ. ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಇದನ್ನು ನಾವು ಹೇಳಬೇಕಾಗಿಲ್ಲ. ಅಲ್ಲಿ ನೂಲುವ ಕೆಲಸವಿಲ್ಲ, ಬಿಚ್ಚಾಣಿಕೆ. ಗೂಡನ್ನು ಬಿಸಿನೀರಿನಲ್ಲಿ ಹಾಕಿದರೆ ಅಂಟು ಸಡಿಲಾಗಿ ಎಳೆಯ ತುದಿ ಸಿಗುತ್ತದೆ. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಒಂದೇ ಎಳೆ ಒಂದು ಕಿಲೋಮೀಟರ್ ಮೀರುತ್ತದೆ. ಅಂಥ ಏಳೆಂಟು ಗೂಡಿನ ಎಳೆಗಳನ್ನು ಸೇರಿಸಿ ಒಂದು ನೂಲು.

1872ರಲ್ಲಿ ಸರ್ಕಾರ ತೊಮಿಯೊಕಾದಲ್ಲಿ ಕಾರ್ಖಾನೆ ತೆರೆದಾಗ ಫ್ರೆಂಚ್ ತಜ್ಞ ಪಾಲ್ ಬ್ರೂನಾ ಅದರ ಉಸ್ತುವಾರಿ. ಒಂದೇ ಕಡೆ 300 ಬಿಚ್ಚಾಣಿಕೆ ಬಾಣಲೆ. ಆದರೆ ಕೆಲಸಕ್ಕೆ ಹೆಣ್ಣುಮಕ್ಕಳೇ ಬರಲಿಲ್ಲ! ವಿದೇಶಿಯರು ಕುಡಿಯುವ ಕೆಂಪು ವೈನು ಕಂಡು, ಅವರು ರಕ್ತ ಕುಡಿಯುತ್ತಾರೆ ಎಂಬ ಪುಕಾರು ಹಬ್ಬಿತ್ತಂತೆ. ಆಗ ಕಾರ್ಖಾನೆಯ ಮೊದಲ ಮುಖ್ಯಸ್ಥರಾದ ಒದಾಕಾ ಅತ್ಸುತಾದಾ ತಮ್ಮ ಮಗಳು ಯೂಳನ್ನೇ ಮೊದಲ ಕೆಲಸಗಾರ್ತಿಯಾಗಿ ಸೇರಿಸಿದರು. ಮರುವರ್ಷ ನಾಗಾನೊದ ಮಾತ್ಸುಶಿರೊದಿಂದ ಬಂದ ವಾದಾ ಎಇ ಎಂಬ ಹುಡುಗಿ ಮುಂದೆ ಬರೆದ ನೆನಪುಗಳಿಂದ ಅಲ್ಲಿನ ಬದುಕು ನಮಗೆ ತಿಳಿಯುತ್ತದೆ. ಭಾನುವಾರ ರಜೆ, ಕಾರ್ಖಾನೆಗೇ ವೈದ್ಯರು. ಕಲಿತ ಹುಡುಗಿಯರು ಊರಿಗೆ ಮರಳಿ ಬೇರೆಯವರಿಗೆ ಕಲಿಸಿದರು. ಆ ಕಾರ್ಖಾನೆ 1987ರಲ್ಲಿ ನಿಂತಿತು, 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಆ ಕಲಿಕೆ ನಮ್ಮ ಊರಿಗೂ ಬಂತು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜಮ್ಶೆಡ್‌ಜಿ ಟಾಟಾ ಜಪಾನಿನ ಪರಿಣತರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದರು. ಬಸವನಗುಡಿ ಹತ್ತಿರ ಟಾಟಾ ಸಿಲ್ಕ್ ಫಾರ್ಮ್ ಅಂತ ಆ ಜಾಗದ ಹೆಸರು ಉಳಿದಿದೆ. 1991ರಿಂದ ಜಪಾನಿನ ಜೈಕಾ ಸಂಸ್ಥೆ ಮತ್ತು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಜೊತೆಯಾಗಿ ದ್ವಿತಳಿ ಗೂಡನ್ನು ನಮ್ಮ ರೈತರಿಗೆ ತಲುಪಿಸುವ ಕೆಲಸ ಮಾಡಿದವು.

ಕದಿರು ತಿರುಗಿಸಿದ ಕೈಗಳು

ತೊಮಿಯೊಕಾದ ಒಳ್ಳೆಯ ದಿನಗಳು ಖಾಸಗಿ ಗಿರಣಿಗಳಲ್ಲಿ ಉಳಿಯಲಿಲ್ಲ. ಬಡ ಹಳ್ಳಿಗಳಿಗೆ ಏಜೆಂಟರು ಹೋಗಿ ತಂದೆಯ ಕೈಗೆ ಮುಂಗಡ ಹಣ ಕೊಡುತ್ತಿದ್ದರು. ಮಗಳು ಗಿರಣಿಯಲ್ಲಿ ದುಡಿದು ಆ ಸಾಲ ತೀರಿಸಬೇಕು. ತೀರುವವರೆಗೆ ಬಿಟ್ಟು ಹೋಗುವಂತಿಲ್ಲ. ವಾಸ ಗಿರಣಿಯದೇ ಹಾಸ್ಟೆಲ್ಲಿನಲ್ಲಿ, ಹೊರಗೆ ಹೋಗಲು ಅನುಮತಿ ಬೇಕು. ಹನ್ನೆರಡು ಗಂಟೆಯ ಪಾಳಿ. ಹಗಲುಪಾಳಿಯವಳು ಎದ್ದ ಹಾಸಿಗೆಯಲ್ಲಿ ರಾತ್ರಿಪಾಳಿಯವಳು ಮಲಗುವುದು. ಎಳೆ ಹರಿಯದಿರಲಿ ಅಂತ ಗಿರಣಿಯಲ್ಲಿ ಸೆಕೆ, ತೇವ, ಮೇಲೆ ಹತ್ತಿಯ ಧೂಳು. 1913ರಲ್ಲಿ ವೈದ್ಯ ಇಶಿಹಾರಾ ಒಸಾಮು ಗಿರಣಿ ಹುಡುಗಿಯರಲ್ಲಿ ಕ್ಷಯ ಹೇಗೆ ಹರಡುತ್ತಿದೆ, ಕಾಯಿಲೆ ಬಿದ್ದು ಊರಿಗೆ ಹೋದವರು ಹೇಗೆ ಸಾಯುತ್ತಿದ್ದಾರೆ ಅಂತ ಅಂಕಿಅಂಶ ಸಮೇತ ಬಯಲಿಗೆ ತಂದರು.

ಅವರು ಸುಮ್ಮನೆ ಸಹಿಸಿಕೊಂಡಿದ್ದರು ಅಂತ ತಿಳಿಯಬೇಡಿ. ಜಪಾನಿನ ಮೊದಲ ಕಾರ್ಖಾನೆ ಮುಷ್ಕರ ಮಾಡಿದವರು ಹೆಣ್ಣುಮಕ್ಕಳು. 1886ರ ಜೂನ್‌ನಲ್ಲಿ ಕೋಫು ಪಟ್ಟಣದ ಅಮೆಮಿಯಾ ರೇಷ್ಮೆ ಕಾರ್ಖಾನೆಯಲ್ಲಿ ಕೆಲಸದ ಹೊತ್ತು ಹೆಚ್ಚಿಸಿ, ಕೂಲಿ ಇಳಿಸುವ ನಿಯಮ ಬಂದಾಗ ನೂರು ಮಂದಿಯಷ್ಟು ಹುಡುಗಿಯರು ಎದ್ದು ಹೋಗಿ ಒಂದು ದೇವಾಲಯದಲ್ಲಿ ಕೂತರು. ಮಾಲೀಕರು ಇಳಿದು ಬರಬೇಕಾಯಿತು.

ಗಿರಣಿಯಲ್ಲೇ ದುಡಿದ ಹೊಸೊಇ ವಾಕಿಝೊ, ನೂಲಿನ ಹುಡುಗಿಯರ ಬಾಳನ್ನು ಕುರಿತು 'ಜೊಕೊ ಐಶಿ' ಎಂಬ ಪುಸ್ತಕ ಬರೆದರು. ಅದು 1925ರಲ್ಲಿ ಪ್ರಕಟವಾಯಿತು, ಅದೇ ವರ್ಷ ಅವರು ತೀರಿಕೊಂಡರು. ವಯಸ್ಸು ಮೂವತ್ತೂ ಆಗಿರಲಿಲ್ಲ. ಕಾರ್ಖಾನೆ ಕಾನೂನು 1911ರಲ್ಲಿ ಪಾಸಾದರೂ ಜಾರಿಯಾದದ್ದು 1916ರಲ್ಲಿ. ಹೆಣ್ಣುಮಕ್ಕಳ ರಾತ್ರಿಪಾಳಿ ನಿಲ್ಲಿಸುವ ಮಾತನ್ನು ಗಿರಣಿ ಮಾಲೀಕರು ಮುಂದೂಡಿಸುತ್ತಲೇ ಹೋದರು. ಕೊನೆಗೆ ಅದು ನಿಂತದ್ದು 1929ರ ಜುಲೈನಲ್ಲಿ. ಕಾನೂನು ಪಾಸಾಗಿ ಹದಿನೆಂಟು ವರ್ಷದ ಮೇಲೆ.

ನಮ್ಮ ಸಂಬಳದ ಚೀಟಿಗೆ ಇದರಿಂದೇನು?

1947ರಲ್ಲಿ ಬಂದ ಕಾರ್ಮಿಕ ಮಾನದಂಡ ಕಾನೂನನ್ನು, ಅಂದರೆ ರೋದೋ ಕಿಜುನ್ ಹೋವನ್ನು, ಆ ಹುಡುಗಿಯರ ಕಥೆ ಗೊತ್ತಿದ್ದು ಓದಿದರೆ ಒಂದೊಂದು ಕಲಮೂ ಯಾಕೆ ಬಂತು ಅಂತ ತಿಳಿಯುತ್ತದೆ. 17ನೆಯ ಕಲಮು: ದುಡಿದು ತೀರಿಸಬೇಕೆಂಬ ಷರತ್ತಿನ ಮೇಲೆ ಕೊಟ್ಟ ಮುಂಗಡವನ್ನು ಮಾಲೀಕರು ಸಂಬಳದಲ್ಲಿ ಮುರಿದುಕೊಳ್ಳುವಂತಿಲ್ಲ. 16ನೆಯದು: ನಡುವೆ ಬಿಟ್ಟರೆ ಇಷ್ಟು ದಂಡ ಅಂತ ಮೊದಲೇ ಬರೆಸಿಕೊಳ್ಳುವಂತಿಲ್ಲ. 18: ಕೆಲಸದ ಷರತ್ತಾಗಿ ಬಲವಂತದ ಉಳಿತಾಯ ಕೂಡದು. 24: ಸಂಬಳವನ್ನು ದುಡಿದವರಿಗೇ ನೇರವಾಗಿ, ಪೂರ್ತಿಯಾಗಿ, ತಿಂಗಳಿಗೊಮ್ಮೆಯಾದರೂ, ಗೊತ್ತಾದ ದಿನ ಕೊಡಬೇಕು. ತೆರಿಗೆ, ವಿಮೆ ಬಿಟ್ಟು ಬೇರೆ ಕಡಿತಕ್ಕೆ ಕಾರ್ಮಿಕರ ಪ್ರತಿನಿಧಿಯ ಜೊತೆ ಲಿಖಿತ ಒಪ್ಪಂದ ಬೇಕು. 37: ಹೆಚ್ಚುವರಿ ಹೊತ್ತಿಗೆ ಕನಿಷ್ಠ ಶೇ. 25 ಹೆಚ್ಚು ಕೂಲಿ. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗಿನ ಕೆಲಸಕ್ಕೂ ಕನಿಷ್ಠ ಶೇ. 25 ಹೆಚ್ಚು. 94: ಕಂಪನಿಯ ಹಾಸ್ಟೆಲ್ಲಿನಲ್ಲಿ ಇರುವವರ ಖಾಸಗಿ ಬದುಕಿಗೆ ಕೈಹಾಕುವಂತಿಲ್ಲ. 3ನೆಯ ಕಲಮನ್ನಂತೂ ಬಾಯಿಪಾಠ ಮಾಡಿಕೊಳ್ಳಿ: ರಾಷ್ಟ್ರೀಯತೆ ನೋಡಿ ಕೂಲಿಯಲ್ಲಿ, ಕೆಲಸದ ಷರತ್ತಿನಲ್ಲಿ ಭೇದ ಮಾಡುವಂತಿಲ್ಲ. ಇವು ಯಾವ ವೀಸಾದಲ್ಲಿ ಬಂದವರಿಗೂ ಅನ್ವಯ.

ಜವಳಿ ಕಸುಬಿಗೆ ಇನ್ನೂ ಒಂದಿಷ್ಟು ಬಿಗಿ ಇದೆ. ತೊಕುತೇ ಗಿನೊ ಕೆಲಸಗಾರರನ್ನು ತೆಗೆದುಕೊಳ್ಳುವ ನೂಲು, ಬಟ್ಟೆ, ಹೊಲಿಗೆ ಕಂಪನಿಗೆ ನಾಲ್ಕು ಹೆಚ್ಚಿನ ಷರತ್ತು ಹಾಕಿದ್ದಾರೆ. ಅಂತಾರಾಷ್ಟ್ರೀಯ ಮಾನವ ಹಕ್ಕು ಮಾನದಂಡಕ್ಕೆ ಕಂಪನಿ ಒಪ್ಪುವಂತಿರಬೇಕು. ಹಾಜರಿಯ ಲೆಕ್ಕ ಎಲೆಕ್ಟ್ರಾನಿಕ್ ಆಗಿರಬೇಕು. ಬಿಡಿ ಕೆಲಸ ಕೊಡುವ, ಪಡೆಯುವ ಕಂಪನಿಗಳ ಜೊತೆ ನ್ಯಾಯವಾಗಿ ನಡೆಯುತ್ತೇವೆಂಬ ಘೋಷಣೆ ಮಾಡಿರಬೇಕು. ನಿಮಗೆ ಗಂಟೆ ಲೆಕ್ಕ, ದಿನ ಲೆಕ್ಕ ಅಲ್ಲ, ತಿಂಗಳ ಸಂಬಳ ಕೊಡಬೇಕು. ಈ ಕಸುಬಿನಲ್ಲಿ ಕೂಲಿ ಬಾಕಿ, ಲೆಕ್ಕಕ್ಕೆ ಸಿಗದ ಓವರ್‌ಟೈಮು ಜಾಸ್ತಿ ಕಂಡುಬಂದದ್ದರಿಂದಲೇ ಈ ಬಿಗಿ. ಊರಿನ ಏಜೆಂಟರು ಗಂಟೆ ಲೆಕ್ಕದ ಜವಳಿ ಕೆಲಸವನ್ನು ತೊಕುತೇ ಗಿನೊ ಅಂತ ಹೇಳಿದರೆ, ಅಲ್ಲೇ ಅನುಮಾನ ಪಡಿ.

ಗಿನೊ ಜಿಶ್ಶು, ಅಂದರೆ ತರಬೇತಿ ವೀಸಾದವರ ಪಾಸ್‌ಪೋರ್ಟನ್ನು ಕಂಪನಿ ಇಟ್ಟುಕೊಳ್ಳುವಂತಿಲ್ಲ. ಅದು ಕಾನೂನಿಗೆ ವಿರುದ್ಧ. ಆ ಪದ್ಧತಿಯ ಜಾಗಕ್ಕೆ ಇಕುಸೇ ಶೂರೊ ಎಂಬ ಹೊಸ ಪದ್ಧತಿ ತರುವ ಕಾನೂನು 2024ರಲ್ಲಿ ಪಾಸಾಯಿತು, ಜಾರಿಯ ದಿನ 2027ರ ಏಪ್ರಿಲ್ 1. ಹಳೆಯದರಲ್ಲಿ ಕಂಪನಿ ಬದಲಿಸುವುದು ಬಹುಮಟ್ಟಿಗೆ ಆಗದ ಮಾತಾಗಿತ್ತು. ಹೊಸದರಲ್ಲಿ ಕಸುಬನ್ನು ನೋಡಿ ಒಂದರಿಂದ ಎರಡು ವರ್ಷದ ಮೇಲೆ, ಭಾಷೆ ಮತ್ತು ಕೌಶಲದ ಪರೀಕ್ಷೆ ಮುಂತಾದ ಷರತ್ತುಗಳೊಂದಿಗೆ, ಅದೇ ಕಸುಬಿನ ಬೇರೆ ಕಂಪನಿಗೆ ಹೋಗಬಹುದು.

ನಾವು ಪ್ರತಿ ಸಲ ಹೇಳುವುದನ್ನೇ ಇನ್ನೊಮ್ಮೆ ಹೇಳುತ್ತೇವೆ. ಸಂಬಳದ ಚೀಟಿ ಎಸೆಯಬೇಡಿ. ಪಾಳಿ ಶುರುವಾದ, ಮುಗಿದ ಹೊತ್ತನ್ನು ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಡಿ, ಕನ್ನಡದಲ್ಲಾದರೂ ಸರಿ. ಲೆಕ್ಕ ತಪ್ಪಿದರೆ ಮೊದಲು ಕಂಪನಿಯಲ್ಲಿ ಕೇಳಿ. ಸರಿಹೋಗದಿದ್ದರೆ ನಿಮ್ಮ ಊರಿನ ರೋದೋ ಕಿಜುನ್ ಕಾಂತೊಕುಶೊಗೆ, ಅಂದರೆ ಕಾರ್ಮಿಕ ತಪಾಸಣಾ ಕಚೇರಿಗೆ, ಹೋಗಿ. ದೂರು ಕೊಟ್ಟರೆಂದು ಕೆಲಸದಿಂದ ತೆಗೆಯುವುದನ್ನು ಇದೇ ಕಾನೂನಿನ 104ನೆಯ ಕಲಮು ನಿಷೇಧಿಸಿದೆ.

ನೂಲಿನ ಗಿರಣಿ ಸೇರುವವರಿಗೆ ಎರಡು ಮಾತು. ಇತೊ-ಗಿರೆ ಅಂದರೆ ನೂಲು ಹರಿಯಿತು, ಇತೊ-ತ್ಸುನಾಗಿ ಅಂದರೆ ಹರಿದದ್ದನ್ನು ಜೋಡಿಸುವುದು. ಹೊಸಬರ ಬಹುಪಾಲು ದಿನ ಇದರಲ್ಲೇ ಕಳೆಯುತ್ತದೆ, ಕೈ ಪಳಗಲು ತಿಂಗಳುಗಳು ಬೇಕು. ಬೇಗ ಕಲಿಯಬೇಕೆಂದು ತಿರುಗುವ ಉರುಳೆಗೆ ಬೆರಳು ಒಯ್ಯಬೇಡಿ. ಕಾರ್ಡಿಂಗ್ ಯಂತ್ರದ ಮುಚ್ಚಳವನ್ನು ಅದು ಪೂರ್ತಿ ನಿಲ್ಲುವ ಮುಂಚೆ ತೆಗೆಯಲೇಬೇಡಿ; ಗುಂಡಿ ಒತ್ತಿದ ಮೇಲೂ ಆ ಭಾರದ ಉರುಳೆ ಸುಮಾರು ಹೊತ್ತು ತಿರುಗುತ್ತಿರುತ್ತದೆ. ಜಡೆ, ದುಪಟ್ಟಾ, ಕೈಬಳೆ ಬೇಡ. ಮಾಸ್ಕು, ಕಿವಿಗೆ ಬಿರಡೆ ಕೊಟ್ಟರೆ ಹಾಕಿಕೊಳ್ಳಿ, ಕೊಡದಿದ್ದರೆ ಕೇಳಿ.

ರಜೆ ಸಿಕ್ಕಾಗ ನಗೋಯಾದ ಟೊಯೊಟಾ ಕೈಗಾರಿಕೆ ಮತ್ತು ತಂತ್ರಜ್ಞಾನ ಸ್ಮಾರಕ ಸಂಗ್ರಹಾಲಯಕ್ಕೆ ಹೋಗಿ ಬನ್ನಿ. ಕಾರಿನ ಕಂಪನಿ ಅಂತ ನಾವು ತಿಳಿದಿರುವವರ ಹಳೆಯ ಜವಳಿ ಕಾರ್ಖಾನೆಯ ಕಟ್ಟಡ ಅದು. ಕೈಯಲ್ಲಿ ನೂಲುವುದನ್ನೂ, ಗಾರಾಬೊ ಗರಗರ ತಿರುಗುವುದನ್ನೂ ಅಲ್ಲಿ ಮಾಡಿ ತೋರಿಸುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಅಲ್ಲಿ ಕಾಣುವುದಕ್ಕೆಲ್ಲ ಅರಳೆ, ಹಂಜಿ, ಕದಿರು, ಲಡಿ ಅಂತ ನಮ್ಮ ಹೆಸರು ಹೇಳಿಕೊಡಿ. ನಿಮ್ಮ ಊರಿನ ಕಡೆ ಇವುಗಳಿಗೆ ಬೇರೆ ಪದಗಳಿದ್ದರೆ ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.